ಶೇವಂತಿ ಅಕ್ಕೋರ ಮುಖಾಮುಖಿ ವಿಧಾನ

ಬನಹಟ್ಟಿಯಲ್ಲಿ ಯಾರಿಗೆ ಕಿವಿ ಕೇಳುತ್ತದೆ, ಯಾರಿಗೆ ಕೇಳುವುದಿಲ್ಲ ಎಂದು ಹೊರಗಿನವರು ಹೇಳುವುದು ಕಷ್ಟ. ಮಗ್ಗದ ಮನೆಯವರೆಲ್ಲ ಕೂಗಿಯೇ ಮಾತಾಡುತ್ತಾರೆ. ಚಹಾ ಬೇಕೇ ಎಂದು ಕೇಳಿದರೂ ಜಗಳಕ್ಕೆ ಕರೆದ ಹಾಗಿರುತ್ತದೆ. ನಾನು ಚಿಮ್ಮಡದವನು, ಒಕ್ಕಲುತನದ ಮನೆಯಲ್ಲಿ ಬೆಳೆದವನು. ಇಲ್ಲಿಯ ಸರ್ಕಾರಿ ಪ್ರೌಢಶಾಲೆಗೆ ಕನ್ನಡ ಮಾಸ್ತರನಾಗಿ ಬಂದ ಹೊಸದರಲ್ಲಿ ಪಾಲಕರು ಮಾತಾಡಿಸಲು ಬಂದರೆ ಬೈಯಲು ಬಂದಿದ್ದಾರೆಂದೇ ತಿಳಿದು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಬರಬರುತ್ತ ನನ್ನ ಗಂಟಲೂ ದೊಡ್ಡದಾಯಿತು. ಈಗ ಊರಿಗೆ ಹೋದರೆ ನನ್ನ ಹೆಂಡತಿಯೇ ‘ಪರಮಾನಂದ ಸರ, ಸಣ್ಣಗ ಮಾತಾಡ್ರಿ’ ಎಂದು ಚೇಷ್ಟೆ ಮಾಡುತ್ತಾಳೆ.

ಹೀಗಾಗಿ ನಮ್ಮ ಶಾಲೆಯ ಗಣಿತದ ಶಿಕ್ಷಕಿ ಶೇವಂತಿ ಅಕ್ಕೋರು ಎದುರಿಗಿದ್ದವರ ಮುಖವನ್ನೇ ದಿಟ್ಟಿಸಿ ಮಾತಾಡುವುದು, ಪಕ್ಕದಲ್ಲಿ ನಿಂತವರ ತೋಳು ಹಿಡಿದು ತಮ್ಮತ್ತ ತಿರುಗಿಸಿಕೊಳ್ಳುವುದು ನಮಗಾರಿಗೂ ವಿಶೇಷ ಎನಿಸಿರಲಿಲ್ಲ. ನೇಕಾರರ ಹೆಣ್ಣುಮಗಳು, ಮಗ್ಗದ ಸಪ್ಪಳದಲ್ಲಿ ಬೆಳೆದವರು, ಅದೇ ರೂಢಿ ಉಳಿದಿದೆ ಎಂದುಕೊಂಡಿದ್ದೆವು. ನಿಜ ಸಂಗತಿಯೆಂದರೆ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಹುಟ್ಟಿದಾಗ ತೊಟ್ಟಿಲು ಕಟ್ಟಿದ್ದೇ ಅಪ್ಪನ ಪಾವರಲೂಮಿನ ಶೆಡ್ಡಿನಲ್ಲಿ. ಓದಿದ್ದು, ಉಂಡದ್ದು, ತಾಯಿಯ ಜೊತೆ ಕಂಡಿಕೆಗೆ ನೂಲು ಸುತ್ತಿದ್ದು ಎಲ್ಲ ಅಲ್ಲೇ. ಬಿ.ಎಡ್. ಮುಗಿಸುವ ಹೊತ್ತಿಗೆ ಒಂದು ಕಿವಿ ಹೋಗಿತ್ತು. ನೌಕರಿ ಸಿಕ್ಕ ಮೇಲೆ ಇನ್ನೊಂದೂ ಮೆಲ್ಲಮೆಲ್ಲಗೆ ಅದರ ಹಿಂದೆ ಹೋಯಿತು. ತುಟಿ ನೋಡಿ ಮಾತು ತಿಳಿಯುವುದು ಮಾತ್ರ ಅವರಿಗೆ ಅಕ್ಷರ ಕಲಿಯುವ ಮೊದಲೇ ಬಂದಿತ್ತು. ಶೆಡ್ಡಿನಲ್ಲಿ ಬೆಳೆದ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇದನ್ನು ಅವರು ಗಂಡನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಕಿವಿಯ ಯಂತ್ರ ತಂದು ನೋಡಿದ್ದರು. ಶಾಲೆಯ ಗೋಡೆಯಾಚೆಗೆ ಹಗಲೆಲ್ಲ ಮಗ್ಗ ಓಡುವ ನಮ್ಮ ಓಣಿಯಲ್ಲಿ ಆ ಯಂತ್ರ ಮಕ್ಕಳ ಮಾತು ಬಿಟ್ಟು ಮಗ್ಗದ ಸಪ್ಪಳವನ್ನೇ ತಂದು ತಲೆಗೆ ಸುರಿಯುತ್ತಿತ್ತಂತೆ. ಅದನ್ನು ಕಪಾಟಿನಲ್ಲಿಟ್ಟು ಸುಮ್ಮನಾದರು. ಗೊತ್ತಾದರೆ ನೌಕರಿ ಹೋಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದರೆ ಪಾಠ ಮಾಡುವ ವರ್ಗ ಹೋಗುತ್ತದೆ. ಸಂಬಳ ಕೊಟ್ಟು ಯಾವುದೋ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸುತ್ತಾರೆ. ಅವರಿಗೆ ಬೇಕಾದದ್ದು ಆ ವರ್ಗವೊಂದೇ. ಮಕ್ಕಳಿಲ್ಲದ ಹೆಣ್ಣುಮಗಳು. ಗಂಡ ಸೀರೆಯ ಗಂಟು ಕಟ್ಟಿಕೊಂಡು ಇಚಲಕರಂಜಿ, ಸೊಲ್ಲಾಪುರ ತಿರುಗುವವನು. ಬೆಳಗಿನಿಂದ ಸಂಜೆವರೆಗೆ ಆ ಮಕ್ಕಳ ಮುಖ ನೋಡುವುದೇ ಅವರ ಬಾಳಾಗಿತ್ತು.

ನಮಗೆ ಗೊತ್ತಿರಲಿಲ್ಲ, ಮಕ್ಕಳಿಗೆ ಗೊತ್ತಿತ್ತು. ಹತ್ತನೆಯವರು ಎಂಟನೆಯವರಿಗೆ ಶಾಲೆ ಸುರುವಾದ ವಾರದಲ್ಲೇ ನೀರಿನ ಟಾಕಿಯ ಹತ್ತಿರ ನಿಲ್ಲಿಸಿಕೊಂಡು ‘ಅಕ್ಕೋರ ಕಾಯ್ದೆ’ ಹೇಳಿಕೊಡುತ್ತಿದ್ದರು. ಅಕ್ಕೋರು ನಿನ್ನ ಕಡೆ ನೋಡುವವರೆಗೆ ಬಾಯಿ ತೆಗೆಯಬೇಡ. ಒಬ್ಬರಾದ ಮೇಲೆ ಒಬ್ಬರು. ಬಾಯಿಗೆ ಕೈ, ಪೆನ್ನು ಅಡ್ಡ ಹಿಡಿಯಬೇಡ. ಕೂಡಿ ಕೂಗಬೇಡ. ಮಾಸ್ಕಿನ ದಿನಗಳಲ್ಲಿ ಅವರ ವರ್ಗಕ್ಕೆ ಹೋಗುವ ಮುಂಚೆ ಮಕ್ಕಳೆಲ್ಲ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಳ್ಳುತ್ತಿದ್ದವು. ಹೆಡ್ ಮಾಸ್ತರು ಬೈದರೆ ಬೈಸಿಕೊಳ್ಳುತ್ತಿದ್ದವು. ಕಾರಣದ ಬಗ್ಗೆ ಮಾತ್ರ ಯಾವ ಮಗುವೂ ಬಾಯಿ ಬಿಡಲಿಲ್ಲ.

ಈಗ ನಮ್ಮ ಕಲಿಸುವ ರೀತಿಯ ಬಗ್ಗೆ ಒಂದು ಮಾತು ಹೇಳಬೇಕು. ನಾವು ಉಳಿದ ಮಾಸ್ತರರೆಲ್ಲ ಪಾಠ ಹೇಳಿ, ಕೊನೆಗೆ ‘ಅರ್ಥ ಆತಿಲ್ಲೊ?’ ಎನ್ನುವವರು. ಮಕ್ಕಳು ಗೋಡೆ ಬಿರಿಯುವ ಹಾಗೆ ‘ಆತ್ರೀ ಸರಾ!’ ಎನ್ನುತ್ತವೆ. ಆ ಒಂದು ಕೂಗಿನ ಮೇಲೆ ನಮ್ಮ ಇಡೀ ಶಿಕ್ಷಣ ಇಲಾಖೆ ನಿಂತಿದೆ. ಹೇಳಿದ್ದೆಲ್ಲ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದು ಕಿವಿಯಲ್ಲಿ ಹೊರಬಿದ್ದಿದ್ದರೂ ನಮಗೆ ಮನಸ್ಸಿಗೆ ಸಮಾಧಾನ. ಶೇವಂತಿ ಅಕ್ಕೋರಿಗೆ ಆ ಕೂಗು ಕೇಳುತ್ತಲೇ ಇರಲಿಲ್ಲ. ಕೇಳದ ಮೇಲೆ ನಂಬುವುದು ಹೇಗೆ? ಒಬ್ಬೊಬ್ಬರನ್ನೇ ಕರೆದು ಬೋರ್ಡಿನ ಮೇಲೆ ಬರೆಸುತ್ತಿದ್ದರು. ಬರೆದದ್ದನ್ನು ತಮ್ಮ ಕಡೆ ಮುಖ ಮಾಡಿಸಿ ಹೇಳಿಸುತ್ತಿದ್ದರು. ಹೇಳಿದ ಮೇಲೆ ‘ಯಾಕ?’ ಎನ್ನುತ್ತಿದ್ದರು. ಮಗು ತಡವರಿಸಿದರೆ ತುಟಿ ಅಲುಗುವವರೆಗೆ ಕಾಯುತ್ತಿದ್ದರು. ಅವರ ವರ್ಗದ ಮುಂದೆ ಹಾದು ಹೋದರೆ ಒಳಗೆ ಯಾರೂ ಇಲ್ಲವೇನೋ ಎನ್ನುವಷ್ಟು ಸದ್ದಿಲ್ಲದೆ ಇರುತ್ತಿತ್ತು. ನಾವು ಅದನ್ನು ಶಿಸ್ತು ಎಂದುಕೊಂಡಿದ್ದೆವು.

ಹತ್ತನೆಯ ಪರೀಕ್ಷೆಗೆ ಕ್ಯಾಮೆರಾ ಕೂರಿಸಿದ ವರ್ಷ ನಮ್ಮ ಬಂಡವಾಳ ಬಯಲಾಯಿತು. ಸುತ್ತಲಿನ ಶಾಲೆಗಳ ಹಾಗೆ ನಮ್ಮ ಫಲಿತಾಂಶವೂ ಮಕಾಡೆ ಬಿತ್ತು. ನನ್ನ ಕನ್ನಡದಲ್ಲೇ ಮಕ್ಕಳು ನಪಾಸಾದರು, ತಾಯ್ನುಡಿಯಲ್ಲಿ! ಗಣಿತ ಮಾತ್ರ ನಿಂತ ಜಾಗದಿಂದ ಅಲುಗಲಿಲ್ಲ. ಇದು ಮೇಲಿನವರ ಕಣ್ಣಿಗೆ ಬಿತ್ತು.

ಅದಾದ ಕೆಲವೇ ತಿಂಗಳಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಯ ಸಂಧ್ಯಾ ಎಂಬ ಉಪನ್ಯಾಸಕಿ ನಮ್ಮ ಶಾಲೆಗೆ ಬಂದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ಪ್ರೌಢಶಾಲೆಗಳಲ್ಲಿ ಯಾವ ಬೋಧನಾ ವಿಧಾನ ಎಷ್ಟು ಪರಿಣಾಮ ಮಾಡುತ್ತಿದೆ ಎಂದು ಅಳೆಯುವ ಕೆಲಸ ಅವರದು. ಹಿಂದಿನ ಬೆಂಚಿನಲ್ಲಿ ಕೂತು ನಮ್ಮೆಲ್ಲರ ಪಾಠ ನೋಡಿದರು. ನನ್ನ ಪಾಠದಲ್ಲಿ ಬಾಯಿಗೆ ಸೆರಗು ಹಿಡಿದು ಆಕಳಿಸಿದ್ದನ್ನು ನಾನು ನೋಡದ ಹಾಗೆ ಮಾಡಿದೆ. ಶೇವಂತಿ ಅಕ್ಕೋರ ಪಾಠ ನೋಡಿ ಶಿಕ್ಷಕರ ಕೋಣೆಗೆ ಬಂದಾಗ ಸಂಧ್ಯಾ ಅವರ ಮುಖ ಅರಳಿತ್ತು.

“ಸರ, ಇಷ್ಟ ವರ್ಷದಾಗ ನಾ ಇಂಥಾ ಪಾಠ ನೋಡಿಲ್ರಿ. ಒಂದ ಸಲಾನೂ ಅರ್ಥ ಆತೇನು ಅಂತ ಕೇಳಲಿಲ್ಲ. ಹುಡುಗೂರ ಕೋರಸ್ ಇಲ್ಲ. ಒಂದೊಂದ ಮಗೂನ ಮುಖಾ ನೋಡಿ, ಅದು ಹೇಳೂತನಾ ಕಾಯ್ತಾರ್ರಿ! ನಾವು ತರಬೇತಿಯೊಳಗ ಹೇಳಿ ಹೇಳಿ ಸಾಕಾಗೇತಿ, ಯಾರೂ ಮಾಡಂಗಿಲ್ಲ.”

ಹೆಡ್ ಮಾಸ್ತರು ಧರ್ಮರಾಜ ಸರ್ ಹಿರಿಹಿರಿ ಹಿಗ್ಗಿದರು. ನಿವೃತ್ತಿಗೆ ಹತ್ತಿರವಾದವರು, ಫಲಿತಾಂಶ ಬಿದ್ದು ನೋಟಿಸು ಉಂಡವರು. ಅವರ ಶಾಲೆಗೆ ಒಂದು ಒಳ್ಳೆಯ ಮಾತು ಬಂದದ್ದು ಅದೇ ಮೊದಲು. ಒಳ್ಳೆಯ ಮನುಷ್ಯ. ಆದರೆ ತುಟಿ ಮುಚ್ಚುವಷ್ಟು ದಪ್ಪ ಮೀಸೆ. ಶೇವಂತಿ ಅಕ್ಕೋರಿಗೆ ಇಡೀ ಶಾಲೆಯಲ್ಲಿ ಅರ್ಥವಾಗದ ಮುಖ ಅದೊಂದೇ. ಅವರು ಏನು ಹೇಳಿದರೂ ತಲೆಯಾಡಿಸಿ ‘ಹೂನ್ರಿ ಸರ’ ಎಂದು ಬಿಡುವುದು, ಆಮೇಲೆ ಯಾರಿಂದಲೋ ತಿಳಿದುಕೊಳ್ಳುವುದು ಅಕ್ಕೋರ ಪದ್ಧತಿಯಾಗಿತ್ತು. ಅಂದೂ ಧರ್ಮರಾಜ ಸರ್ ಏನೋ ಕೇಳಿದರು. ಅಕ್ಕೋರು ತಲೆಯಾಡಿಸಿದರು.

ಒಪ್ಪಿದ್ದು ಏನನ್ನು ಎಂಬುದು ಮೇಲಿನಿಂದ ಆದೇಶ ಬಂದಾಗ ಗೊತ್ತಾಯಿತು. ಸಂಧ್ಯಾ ಅವರು ಈ ಪದ್ಧತಿಗೆ ‘ಮುಖಾಮುಖಿ ವಿಧಾನ’ ಎಂದು ಹೆಸರಿಟ್ಟು ವರದಿ ಕೊಟ್ಟಿದ್ದರು. ನಾಲ್ಕೂ ತಾಲೂಕಿನ ಗಣಿತ ಶಿಕ್ಷಕರ ಮುಂದೆ, ಜಮಖಂಡಿಯ ಒಂದು ಸಭಾಭವನದಲ್ಲಿ, ಬೇರೆ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಅಕ್ಕೋರು ಪಾಠ ಮಾಡಿ ತೋರಿಸಬೇಕಿತ್ತು.

ಅಂದು ಶಾಲೆ ಬಿಟ್ಟ ಮೇಲೆ ಅವರು ನನ್ನನ್ನು ಪಡಸಾಲೆಯಲ್ಲಿ ತಡೆದು ನಿಲ್ಲಿಸಿದರು.

“ಸರ, ನಿಮಗೊಂದ ಮಾತ ಹೇಳಬೇಕ್ರಿ. ನನಗ ಕಿವಿ ಕೇಳಂಗಿಲ್ಲ.”

ನಾನು ನಕ್ಕೆ. “ಈ ಊರಾಗ ಯಾರಿಗೆ ಕೇಳ್ತಾವ್ರಿ ಅಕ್ಕೋರ?”

“ಚೇಷ್ಟಿ ಅಲ್ರಿ. ಏನೂ ಕೇಳಂಗಿಲ್ಲ. ನೀವು ಮಾತಾಡೂದು ನೋಡ್ತೇನಿ, ಅಷ್ಟ.”

ನನ್ನ ಉತ್ತರಕ್ಕಾಗಿ ಅವರು ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದರು. ಎಷ್ಟು ವರ್ಷ ಒಂದೇ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಉಂಡಿದ್ದೇವೆ! ಪಾಪ ಎನಿಸಿತು, ಜೊತೆಗೆ ಇಷ್ಟು ದಿನ ನಮಗೆ ತಿಳಿಯಗೊಡದ ಆ ಜಾಣತನದ ಬಗ್ಗೆ ಬೆರಗೂ ಆಯಿತು.

“ಅಲ್ಲಿ ಗೊತ್ತಾದ್ರ ನನ್ನ ವರ್ಗಾ ಹೋಕ್ಕೈತ್ರಿ ಸರ. ನಮ್ಮ ಹುಡುಗೂರಾದ್ರ ನನಗ ಹೊಂದ್ಯಾರ. ಹೊರಗಿನ ಹುಡುಗೂರು, ಹೊರಗಿನ ಮಂದಿ... ಅರಾಮಿಲ್ಲ ಅಂತ ಹೆಡ್ ಮಾಸ್ತರಿಗೆ ಹೇಳ್ರಿ. ನೀವು ಹೇಳಿದ್ರ ಕೇಳ್ತಾರ.”

ನಾನು ಹೇಳಿದೆ. ಧರ್ಮರಾಜ ಸರ್ ಕಾರ್ಯಕ್ರಮದ ಪತ್ರಿಕೆ ತೋರಿಸಿದರು. ಅಕ್ಕೋರ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ಕೆಳಗೆ ಹೆಡ್ ಮಾಸ್ತರರ ಹೆಸರೂ ಇತ್ತು. ‘ಸಾಹೇಬ್ರ ಬರೂರದಾರ, ಪರಮಾನಂದ. ಜ್ವರಾ ಇದ್ರ ಒಂದ ಗುಳಿಗಿ ನುಂಗಿ ಬರ್ರಿ ಅಂತ ಹೇಳ್ರಿ’ ಎಂದರು. ನಿಜ ಕಾರಣ ಹೇಳುವ ಹಾಗಿರಲಿಲ್ಲ. ಅದು ನನ್ನ ಗುಟ್ಟಲ್ಲ. ಕೊನೆಗೆ ನಾನೂ ಜೊತೆಗೆ ಹೊರಟೆ. ಸಂಧ್ಯಾ ಅವರು ಕೇಳಿದ್ದರಿಂದ ನಮ್ಮ ಒಂಬತ್ತನೆಯ ವರ್ಗದ ಕೆಲವು ಮಕ್ಕಳೂ ಬಂದರು. ಅವರಲ್ಲಿ ನೇಕಾರ ವಿಠೋಬನ ಮಗಳು ಅನುರಾಧಾ ಒಬ್ಬಳು, ಅಕ್ಕೋರಿಗೆ ಅಚ್ಚುಮೆಚ್ಚಿನವಳು, ಬಸ್ಸಿನಲ್ಲಿ ಅವರ ಪಕ್ಕ ಕೂರಲು ಉಳಿದವರ ಜೊತೆ ಜಗಳ ತೆಗೆದವಳು.

ಪಾಠ ಚೆನ್ನಾಗಿಯೇ ನಡೆಯಿತು. ಬೆನ್ನು ತಿರುಗಿಸುವ ಪ್ರಸಂಗ ಬರದಂತೆ ಅಕ್ಕೋರು ಬೋರ್ಡನ್ನು ಓರೆಯಾಗಿ ಇಡಿಸಿಕೊಂಡಿದ್ದರು. ಹೊಸ ಮಕ್ಕಳು ಮೊದಲು ರೂಢಿಯಂತೆ ಕೂಡಿ ಕೂಗಿದವು. ಕೈ ಎತ್ತಿ ನಿಲ್ಲಿಸಿದರು. ತಲೆ ತಗ್ಗಿಸಿ ಉತ್ತರ ಹೇಳುತ್ತಿದ್ದ ಒಂದು ಮಗುವಿನ ಗದ್ದವನ್ನು ಬೆರಳಿನಿಂದ ಎತ್ತಿ ‘ಈಗ ಹೇಳು’ ಎಂದರು. ಸಭೆ ಚಪ್ಪಾಳೆ ತಟ್ಟಿತು. ತ್ರಿಕೋನದ ಮೂರು ಕೋನಗಳ ಕತೆಯನ್ನು ಮಕ್ಕಳ ಬಾಯಿಂದಲೇ ತೆಗೆದರು. ನನ್ನಂಥ ಕನ್ನಡ ಮಾಸ್ತರನಿಗೂ ತಿಳಿಯಿತು ಎಂದ ಮೇಲೆ ಬೇರೆ ಹೇಳುವುದೇನು. ಇನ್ನೇನು ಗೆದ್ದೆವು ಎಂದು ನಾನು ಒಳಗೊಳಗೇ ಉಸಿರು ಬಿಟ್ಟೆ.

ಆಮೇಲೆ ಪ್ರಶ್ನೆಗಳ ಸಮಯ. ಯಾರೋ ಪುಣ್ಯಾತ್ಮರು ಶಿಕ್ಷಕರ ಕೈಗೆ ಮೈಕು ಕೊಟ್ಟರು. ಬೀಳಗಿ ಕಡೆಯ ಮಾಸ್ತರರೊಬ್ಬರು ಅದನ್ನು ಸುಟ್ಟ ಗೋವಿನಜೋಳದ ತೆನೆಯ ಹಾಗೆ ಬಾಯಿಗೆ ಒತ್ತಿ ಹಿಡಿದು ಪ್ರಶ್ನೆ ಕೇಳಿದರು. ಅಕ್ಕೋರಿಗೆ ಮೈಕು ಕಂಡಿತು, ಬಾಯಿ ಕಾಣಲಿಲ್ಲ. ಆದರೂ ಎದೆಗುಂದಲಿಲ್ಲ. ವೇದಿಕೆಯಿಂದ ಇಳಿದು ಸಾಲುಗಳ ನಡುವೆ ಬಂದು, “ಛಲೋ ಪ್ರಶ್ನೆರಿ. ಮೈಕ್ ಕೆಳಗಿಡ್ರಿ, ಮುಂದ ಬಂದು ನನಗ ಹೇಳ್ರಿ” ಎಂದರು. ಇದೂ ವಿಧಾನದ ಭಾಗವೇ ಎಂದು ತಿಳಿದು ಸಭೆ ಮತ್ತೆ ಚಪ್ಪಾಳೆ ತಟ್ಟಿತು. ಆ ಮಾಸ್ತರರು ನಗುತ್ತ ಮುಂದೆ ಬಂದು ಕೇಳಿದರು: ವರ್ಗದಲ್ಲಿ ತೊಂಬತ್ತು ಮಕ್ಕಳಿದ್ದರೆ ಏನು ಮಾಡುವುದು? ಅಕ್ಕೋರು ಅವರಿಗೆ ಬಿಡಿಸಿ ಹೇಳತೊಡಗಿದರು.

ಅಷ್ಟರಲ್ಲಿ ಅವರ ಬೆನ್ನ ಹಿಂದಿನ ಸಾಲಿನಿಂದ ಮುಧೋಳ ಕಡೆಯ ಹಿರಿಯ ಮಾಸ್ತರರೊಬ್ಬರು ಇನ್ನೊಂದು ಮೈಕು ಹಿಡಿದು ಎದ್ದರು. ಕೇಳಿದರು. ಅಕ್ಕೋರು ತಿರುಗಲಿಲ್ಲ. ದನಿ ಏರಿಸಿ ಕೇಳಿದರು. ತಿರುಗಲಿಲ್ಲ. ಮೂರನೆಯ ಸಲ ಮೈಕು ಕೀಂಯ್ ಎಂದು ಕಿರುಚಿತು. ಇಡೀ ಸಭೆ ಕಿವಿ ಮುಚ್ಚಿಕೊಂಡಿತು. ಅಕ್ಕೋರೊಬ್ಬರೇ ಏನೂ ಆಗದವರ ಹಾಗೆ ಬೀಳಗಿಯವರ ಜೊತೆ ಮಾತಾಡುತ್ತ ನಿಂತಿದ್ದರು.

“ಹೆಸರ ಬಂದ ಮ್ಯಾಲ ನಮ್ಮಂಥೋರ ಮಾತ ಎಲ್ಲಿ ಕಿವಿಗೆ ಬೀಳ್ತಾವ್ರಿ?” ಎಂದರು ಮುಧೋಳದವರು, ಸಿಟ್ಟಿನಿಂದ. ಸಭೆ ನಕ್ಕಿತು.

ನಾನು ಏಳುವಷ್ಟರಲ್ಲಿ ಅನುರಾಧಾ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಎರಡೂ ಕೈ ಮೇಲೆತ್ತಿ, ಎರಡು ಬೆರಳು ಜೋಡಿಸಿ ಫಕ್ಕನೆ ಬಿಡಿಸಿದಳು. ಹೆಬ್ಬೆರಳಿನಿಂದ ಹಿಂದೆ ತೋರಿಸಿದಳು. ಅದು ಮಗ್ಗದ ಮನೆಯ ಸನ್ನೆ. ನಿನ್ನ ಬೆನ್ನ ಹಿಂದಿನ ಮಗ್ಗದಲ್ಲಿ ಎಳೆ ಕಡಿದಿದೆ ಎಂದು ಅರ್ಥ. ಶೆಡ್ಡಿನಲ್ಲಿ ಅದನ್ನು ಯಾರು ಮೊದಲು ಕಾಣುತ್ತಾರೋ ಅವರು ಆ ಕ್ಷಣವೇ ಸನ್ನೆ ಮಾಡಬೇಕು, ಇಲ್ಲವಾದರೆ ಬಟ್ಟೆ ಕೆಡುತ್ತದೆ. ಕೈ ಏಳುವ ಮುಂಚೆ ವಿಚಾರ ಮಾಡುತ್ತ ಕೂರುವುದನ್ನು ಆ ಮನೆಗಳಲ್ಲಿ ಯಾರೂ ಕಲಿಸುವುದಿಲ್ಲ.

ಅಕ್ಕೋರು ಅದೇ ರೂಢಿಯಲ್ಲಿ ಗರಕ್ಕನೆ ತಿರುಗಿ, “ಯಾವ ಕಡೆ ಬೇ?” ಎಂದರು.

ನಗು ನಿಂತಿತು. ರಬಕವಿಯ ಮಾಸ್ತರರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ಪಕ್ಕದವರಿಗೆ ಹೇಳಿದರು: “ಇದು ಕಿವಿ ಹ್ವಾದೋರಿಗೆ ಮಾಡೂ ಸನ್ನಿ ಅಲ್ಲೇನು?” ಆ ಮೌನದಲ್ಲಿ ಅದು ವೇದಿಕೆಯವರೆಗೆ ಕೇಳಿತು. ಸಂಧ್ಯಾ ಅವರ ಮುಖ ಬಿಳಿಚಿಕೊಂಡಿತು. ವೇದಿಕೆಯ ಮೇಲಿದ್ದ ಸಾಹೇಬರು ಬಗ್ಗಿ ಧರ್ಮರಾಜ ಸರ್ ಕಿವಿಯಲ್ಲಿ ಏನೋ ಕೇಳಿದರು. ಧರ್ಮರಾಜ ಸರ್ ಗೊತ್ತಿಲ್ಲವೆಂದು ಕೈ ಆಡಿಸಿದರು. ಅಕ್ಕೋರು ಒಂದೊಂದೇ ಮುಖ ನೋಡುತ್ತ ನಿಂತಿದ್ದರು. ಎಲ್ಲವನ್ನೂ ಓದಿದರು ಎಂದು ನನಗೆ ತಿಳಿಯಿತು.

ಮರಳುವಾಗ ಬಸ್ಸಿನಲ್ಲಿ ಅನುರಾಧಾ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕೋರು ಅವಳ ಮುಖ ತಮ್ಮ ಕಡೆ ತಿರುಗಿಸಿಕೊಂಡು, “ಯಾಕ ಅಳ್ತಿ ಹುಚ್ಚಿ? ಎಳಿ ಕಡದದ್ದ ಕಂಡ್ರ ಹೇಳಬೇಕವಾ. ನೀ ಮಾಡಿದ್ದ ಬರೋಬ್ಬರಿ ಐತಿ” ಎಂದರು. ಆಮೇಲೆ ಬನಹಟ್ಟಿ ಬರುವವರೆಗೆ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಕೂತರು. ಕಿಟಕಿಗೆ ಮುಖ ಮಾಡಿದ ಮೇಲೆ ಅವರನ್ನು ಯಾರೂ ಮಾತಾಡಿಸುವ ಹಾಗಿರಲಿಲ್ಲ.

ಮೇಲಿನವರು ಕೆಟ್ಟವರೇನಲ್ಲ ಎಂದು ನನ್ನ ಮನಸ್ಸಿಗೆ ನಾನೇ ಅನೇಕ ಸಲ ಹೇಳಿಕೊಂಡಿದ್ದೇನೆ. ಅವರು ಬೈಯಲಿಲ್ಲ, ಶಿಕ್ಷೆ ಕೊಡಲಿಲ್ಲ. ‘ಪಾಲಕರ ಅಭಿಪ್ರಾಯ ತಿಳಿದು ಮುಂದಿನ ಕ್ರಮ’ ಎಂದಷ್ಟೇ ಬರೆದರು. ಅಕ್ಕೋರಿಗೆ ಆಸೆ ಮೂಡಿತು. ಪಾಲಕರೆಂದರೆ ಯಾರು? ನಮ್ಮದೇ ಓಣಿಯವರು, ಮಗ್ಗದವರು, ತಾವೇ ಕಿವಿ ಕಳೆದುಕೊಂಡವರು. ತಮ್ಮ ಮಕ್ಕಳನ್ನು ಪಾಸು ಮಾಡಿಸಿದ ಹೆಣ್ಣುಮಗಳನ್ನು ಅವರು ಬಿಟ್ಟುಕೊಡುವುದಿಲ್ಲ ಎಂದು ನಾನೂ ನಂಬಿದ್ದೆ.

ಪಾಲಕರ ಸಭೆಯಲ್ಲಿ ಮೊದಲು ಎದ್ದವನು ಅನುರಾಧಾಳ ಅಪ್ಪ ವಿಠೋಬ. ಅವನ ಕಿವಿ ಹೋಗಿ ಎಷ್ಟೋ ವರ್ಷ. ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ:

“ಅಕ್ಕೋರ ಮ್ಯಾಲ ನಂದೇನ ಸಿಟ್ಟಿಲ್ರಿ. ನಮ್ಮಪ್ಪನ ಕಿವಿ ಹ್ವಾದೂ, ನನ್ನ ಕಿವಿ ಹ್ವಾದೂ. ಮಗಳಿಗಾದ್ರೂ ಕಿವಿ ಇದ್ದೋರು ಕಲಸ್ಲಿ ಅಂದ್ರ ತಪ್ಪೇನ್ರಿ? ಎಲ್ಲಾ ಊರಿಗೆ ಛಲೋ ಮಾಸ್ತರನ್ನ ಕೊಟ್ಟು, ನೇಕಾರ ಮಕ್ಕಳಿಗಷ್ಟ ಕಿವುಡಿನ್ನ ಕೊಡೂದೇನ್ರಿ ಸರಕಾರದವ್ರು?”

ನನ್ನ ಮೈ ಉರಿಯಿತು. ಎದ್ದು ನಿಂತು, ನಿನ್ನ ಮಗಳು ಗಣಿತದಲ್ಲಿ ಎಷ್ಟು ಅಂಕ ತೆಗೆಯುತ್ತಾಳೆ, ಕಿವಿ ನೆಟ್ಟಗಿರುವ ನಾವು ಕಲಿಸಿದ್ದರಲ್ಲಿ ಎಷ್ಟು ತೆಗೆಯುತ್ತಾಳೆ, ಒಮ್ಮೆಯಾದರೂ ನೋಡಿದ್ದೀಯಾ ಎಂದು ಕೇಳಿದೆ. ಅವನಿಗೆ ಕೇಳಲಿಲ್ಲ. ‘ಏನಂದ್ರಿ?’ ಎಂದ. ಯಾರೋ ಅವನ ಕಿವಿಗೆ ಬಾಯಿ ಇಟ್ಟು ಕೂಗಿ ತಿಳಿಸಿದರು. “ಅದು ಹುಡುಗೂರ ನಸೀಬ್ರಿ” ಎಂದು ಕೂತುಬಿಟ್ಟ. ಉಳಿದವರೂ ತಲೆಯಾಡಿಸಿದರು. ಕಿವಿ ಇಲ್ಲದ ಬದುಕು ಎಂಥದೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಮಕ್ಕಳ ಹತ್ತಿರ ಅದರ ನೆರಳೂ ಬೇಡವಾಗಿತ್ತು. ಅವರನ್ನು ಬೈಯಲೂ ಬಾಯಿ ಬಾರದ ಸಂಕಟ ನನ್ನದು. ಅಕ್ಕೋರು ಮೂಲೆಯ ಕುರ್ಚಿಯಲ್ಲಿ ಕೂತು ವಿಠೋಬನ ತುಟಿಯಿಂದ ಕಣ್ಣು ತೆಗೆಯದೆ ಎಲ್ಲ ಓದಿಕೊಂಡರು.

ಆದೇಶ ಬಂತು. ಸಂಬಳಕ್ಕೆ ಧಕ್ಕೆಯಿಲ್ಲ, ಜಮಖಂಡಿಯ ಕಚೇರಿಯೊಂದರಲ್ಲಿ ಕೆಲಸ. ಸಂಧ್ಯಾ ಅವರು ಮೇಲಿನವರ ಹತ್ತಿರ ಓಡಾಡಿ ಅದನ್ನು ತಪ್ಪಿಸಲು ನೋಡಿದರಂತೆ; ಒಂದು ದಿನ ಶಾಲೆಗೆ ಬಂದು, “ನಾ ಆ ವರದಿ ಬರದಿದ್ದಿಲ್ಲಂದ್ರ ಇವ್ರು ಇಲ್ಲೇ ಇರ್ತಿದ್ರಲ್ರಿ ಸರ” ಎಂದು ನನ್ನ ಮುಂದೆ ಕಣ್ಣೀರು ಹಾಕಿದರು. ನಾವು ಅಕ್ಕೋರಿಗೆ ಶಾಲು ಹೊದಿಸಿ, ಹಣ್ಣು ಕೊಟ್ಟು, ಭಾಷಣ ಮಾಡಿ ಕಳಿಸಿದೆವು. ಧರ್ಮರಾಜ ಸರ್ ಅಂದು ಮೀಸೆ ಕತ್ತರಿಸಿಕೊಂಡು ಬಂದಿದ್ದರು, ಅಕ್ಕೋರಿಗೆ ತಮ್ಮ ಮಾತು ತಿಳಿಯಲಿ ಎಂದು.

ವಿಧಾನವನ್ನು ಮಾತ್ರ ಮೇಲಿನವರು ಬಿಡಲಿಲ್ಲ. ಅದು ಪುಸ್ತಕವಾಯಿತು, ತರಬೇತಿಯಾಯಿತು. ‘ಶಿಕ್ಷಕರು ಪ್ರತಿ ವಿದ್ಯಾರ್ಥಿಯ ಮುಖ ನೋಡುವರು’ ಎಂಬುದಕ್ಕೆ ಇಷ್ಟು ಅಂಕ, ‘ಸಾಮೂಹಿಕ ಉತ್ತರ ತಪ್ಪಿಸುವರು’ ಎಂಬುದಕ್ಕೆ ಇಷ್ಟು. ಯಾವ ಶಾಲೆಯಲ್ಲಿ ಅದು ಎಷ್ಟು ನಡೆಯುತ್ತಿದೆ ಎಂದು ಅಳೆಯುವ ತಂಡಕ್ಕೆ ಶೇವಂತಿ ಅಕ್ಕೋರನ್ನೇ ಹಾಕಿದರು. ತಂದವರೇ ಅಳೆಯಲಿ ಎಂಬುದು ಸಾಹೇಬರ ಒಳ್ಳೆಯ ಮನಸ್ಸು.

ಹಾಗೆ ಅವರು ಮುಂದಿನ ವರ್ಷ ನಮ್ಮ ಶಾಲೆಗೂ ಬಂದರು. ಗೇಟಿನಲ್ಲೇ ಮಕ್ಕಳು ಮುತ್ತಿಕೊಂಡವು, ಒಬ್ಬರಾದ ಮೇಲೆ ಒಬ್ಬರು, ಅವರ ಕಡೆ ಮುಖ ಮಾಡಿ ಮಾತಾಡಿದವು. ಅವರ ಜಾಗಕ್ಕೆ ಬಂದಿದ್ದ ಬಾಳೇಶ ಹುನ್ನೂರಿನ ಹುಡುಗ. ಹೊಸ ನೌಕರಿ, ಒಳ್ಳೆಯ ಸ್ವಭಾವ, ಮೈಯೆಲ್ಲ ಹೆದರಿಕೆ. ಅಕ್ಕೋರ ಜೊತೆ ನನ್ನನ್ನೂ ಹಿಂದಿನ ಬೆಂಚಿಗೆ ಕೂರಿಸಿದರು.

ಹತ್ತನೆಯ ವರ್ಗ. ಬಾಳೇಶ ಪುಸ್ತಕದಲ್ಲಿದ್ದ ಹಾಗೆಯೇ ಮಾಡಿದ. ಒಬ್ಬೊಬ್ಬರನ್ನು ಬೋರ್ಡಿಗೆ ಕರೆದ, ಮುಖ ನೋಡಿದ. ಆದರೆ ಅವನಿಗೆ ಕಿವಿ ಕೇಳುತ್ತಿತ್ತು. ಬೋರ್ಡಿನ ಮುಂದಿನ ಹುಡುಗ ಯೋಚಿಸುತ್ತಿರುವಾಗಲೇ ಮುಂದಿನ ಬೆಂಚಿನಿಂದ ಯಾರೋ ಉತ್ತರ ಪಿಸುಗುಟ್ಟುವರು. ಅದು ಅವನಿಗೆ ಕೇಳುವುದು. ಅವನು ‘ಹೂಂ, ಬರೋಬ್ಬರಿ’ ಎಂದು ಮುಂದೆ ಹೋಗುವನು. ನನಗೆ ಅದೆಲ್ಲ ಕೇಳುತ್ತಿತ್ತು. ಅಕ್ಕೋರ ಮುಂದೆ ಇದ್ದದ್ದು ಮಕ್ಕಳ ಬೆನ್ನು, ಜಡೆ, ಕಾಲರು.

ಕೊನೆಗೆ ಅನುರಾಧಾಳ ಸರದಿ. ಚಿತ್ರ ಬರೆದಳು. ‘ಈ ಎರಡು ಕೋನ ಯಾಕ ಸಮ?’ ಎಂದು ಬಾಳೇಶ ಕೇಳಿದ. ಅವಳು ಅವನ ಕಡೆ ನೋಡಲಿಲ್ಲ. ಹಿಂದಿನ ಬೆಂಚಿನತ್ತ ಪೂರ್ತಿ ಮುಖ ಮಾಡಿ, ಒಂದೊಂದೇ ಮಾತು ಬಿಡಿಸಿ, ಅಕ್ಕೋರಿಗೆ ಹೇಳತೊಡಗಿದಳು. ಅಕ್ಕೋರು ಬೆಂಚಿನಿಂದ ಅರ್ಧ ಎದ್ದರು. ಅವರ ತುಟಿಯೂ ಅವಳ ತುಟಿಯ ಜೊತೆ ಅಲುಗುತ್ತಿತ್ತು.

“ನನ್ನ ಕಡೆ ಹೊಳ್ಳವಾ,” ಎಂದ ಬಾಳೇಶ, ಮೆತ್ತಗೆ. “ಮಾಸ್ತರ ಮುಖಾ ನೋಡಿ ಹೇಳಬೇಕು.” ಅಂಕ ಇದ್ದದ್ದೇ ಅದಕ್ಕೆ. ಅವನದೇನು ತಪ್ಪು?

ಅವಳು ಅವನತ್ತ ತಿರುಗಿದಳು, ಹಿಂದಿನ ಬೆಂಚಿಗೆ ಅವಳ ತುಟಿ ಮರೆಯಾಯಿತು. ಅಕ್ಕೋರು ಮೆಲ್ಲಗೆ ಕೂತರು, ಕೈಯಲ್ಲಿದ್ದ ಹಾಳೆಯ ಮೇಲೆ ಬರೆಯತೊಡಗಿದರು. ನಾನು ಬಗ್ಗಿ ನೋಡಿದೆ. ಎಲ್ಲದಕ್ಕೂ ಪೂರ್ತಿ ಅಂಕ ಕೊಟ್ಟಿದ್ದರು.

ಬಸ್ ನಿ‌ಲ್ದಾಣದವರೆಗೆ ನಾನು ಜೊತೆಗೆ ಹೋದೆ. “ಅಷ್ಟೂ ಅಂಕಾ ಕೊಟ್ರಲ್ರಿ ಅಕ್ಕೋರ?” ಎಂದೆ.

“ಹಿಂದ ಕುಂತ್ರ ನನಗೇನ ಗೊತ್ತಾಗ್ತೈತ್ರಿ ಸರ? ಎಲ್ಲಾ ಊರಾಗೂ ಹಂಗ ಕೊಡ್ತೇನಿ. ಗೊತ್ತಿಲ್ಲದ ಯಾರ ನೌಕರಿಗೆ ಯಾಕ ಕಲ್ಲ ಹಾಕ್ಲಿ?”

ಜಮಖಂಡಿಯ ಬಸ್ಸು ಬಂತು. ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಏನೋ ನೆನಪಾದವರ ಹಾಗೆ ತಿರುಗಿ ನನ್ನ ತೋಳು ಹಿಡಿದರು.

“ಅನೂ ಆ ಕಡೆ ಹೊಳ್ಳಿದ ಮ್ಯಾಲ ಏನಂದ್ಲರಿ? ಯಾಕ ಸಮ ಅಂತ ಹೇಳಿದ್ಲೇನು?”

“ಹೇಳಿದ್ಲರಿ,” ಎಂದೆ. ತುಟಿ ಬಿಡಿಸಿ, ಅವರಿಗೆ ಚೆನ್ನಾಗಿ ಕಾಣುವ ಹಾಗೆ ಹೇಳಿದೆ. “ಪೂರಾ ಹೇಳಿದ್ಲು.”

ಅವರ ಮುಖ ಒಂದು ಗಳಿಗೆ ಅರಳಿತು. ಹತ್ತಿ ಕೂತರು, ಬಸ್ಸು ಹೋಯಿತು.

ಅವಳು ಹೇಳಿರಲಿಲ್ಲ. ಹೊಳ್ಳಿದ ಮೇಲೆ ಅವಳಿಗೆ ಮಾತು ತಪ್ಪಿಹೋಗಿತ್ತು. ಬಾಳೇಶನೇ ಉತ್ತರ ಹೇಳಿ, ‘ಅರ್ಥ ಆತಿಲ್ಲೊ?’ ಎಂದು ಕೇಳಿದ್ದ. ಇಡೀ ವರ್ಗ ‘ಆತ್ರೀ ಸರಾ!’ ಎಂದು ಕೂಗಿತ್ತು, ಅವಳೂ ಕೂಗಿದ್ದಳು.